ನನ್ನ ಹೆಸರಿನ ಉಪವಾಸ

ಒಳ್ಳೆಯದು ಮಾಡಬೇಕೆಂದು ಹಟ ಹಿಡಿದ ಮನುಷ್ಯನಿಂದ ನಾಲ್ಕು ಮಾರು ದೂರ ಇರುವುದು ಕ್ಷೇಮ. ಕಾಟ ಕೊಡುವವನಾದರೂ ಎಂದೋ ಒಮ್ಮೆ ಬೇಸರ ಬಂದು ಬಿಟ್ಟುಬಿಡುತ್ತಾನೆ. ಉಪಕಾರ ಮಾಡುವವನಿಗೆ ದಣಿವೆಂಬುದೇ ಇಲ್ಲ. ಇದನ್ನು ಇಷ್ಟು ಖಾತ್ರಿಯಿಂದ ಏಕೆ ಹೇಳುತ್ತಿದ್ದೇನೆಂದರೆ, ಹೋದ ವರ್ಷ ಕೆಲವು ತಿಂಗಳು ಆ ಮನುಷ್ಯ ನಾನೇ ಆಗಿದ್ದೆ.

ಅಫಜಲಪುರದಿಂದ ಕರಜಗಿಯ ಕಡೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ನಿಂತಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರೊಂದರ ಸರಕಾರಿ ಶಾಲೆಗೆ ನಾನು ಹೆಡ್ ಮಾಸ್ತರ. ನನಗೆ ಒಂದು ರೂಢಿ ಇದೆ. ಮೇಲಿನಿಂದ ಯಾವುದೇ ಹೊಸ ಆದೇಶ ಬರಲಿ, ಶಿಕ್ಷಕರನ್ನು ಕರೆದು ಮೊದಲು "ಟೆನ್ಶನ್ ತಗೋಬ್ಯಾಡ್ರಿ" ಎನ್ನುತ್ತೇನೆ. ಆಮೇಲೆ ಸಮೀಕ್ಷೆ, ಬಿಸಿಯೂಟದ ತತ್ತಿಯ ಲೆಕ್ಕ, ಆ್ಯಪಿಗೆ ಏರಿಸಬೇಕಾದ ಫೋಟೋ ಇತ್ಯಾದಿ ಒಂದೊಂದಾಗಿ ಹೇಳುತ್ತೇನೆ. ಹೀಗಾಗಿ ನಾನು ಬಾಯಿ ತೆರೆದು 'ಟೆ' ಎನ್ನುವುದೇ ತಡ, ಎಲ್ಲರ ಮುಖ ಬಾಡುತ್ತದೆ. ಬಹಳ ದಿನ ನಾನು ಅದನ್ನು ಗೌರವ ಎಂದು ತಿಳಿದಿದ್ದೆ.

ಇಂಥ ನನ್ನನ್ನು ಆಳಂದದಲ್ಲಿ ನಡೆದ ಒಂದು ತರಬೇತಿಗೆ ಕಳಿಸಿದರು. ಒತ್ತಡದಲ್ಲಿರುವ ಶಿಕ್ಷಕರಿಗೆ ಧೈರ್ಯ ತುಂಬುವುದು ಹೇಗೆ ಎಂಬುದು ವಿಷಯ. ತರಬೇತಿ ಕೊಡುವವರು ನಮಗೆಲ್ಲ ಕಣ್ಣು ಮುಚ್ಚಿಸಿ, ಶಾಂತವಾಗಿ ಹರಿಯುವ ಒಂದು ನದಿಯನ್ನು ನೆನೆಯಿರಿ ಎಂದರು. ನಮ್ಮ ತಾಲೂಕಿನವರಿಗೆ ನದಿ ಎಂದರೆ ಭೀಮೆ. ಭೀಮೆ ಎಂದರೆ ಹೊಳೆ ಬಂದಾಗ ಶಾಲೆಯಲ್ಲಿ ತೆರೆಯುವ ಗಂಜಿ ಕೇಂದ್ರ, ಅಲ್ಲಿ ರಾತ್ರಿ ಡ್ಯೂಟಿ. ಪಕ್ಕದಲ್ಲಿದ್ದವರ ಉಸಿರು ಜೋರಾಯಿತು. ಅದನ್ನು ನೋಡಿ ತರಬೇತುದಾರರು, ದೀರ್ಘ ಉಸಿರಾಟ ಬಹಳ ಚೆನ್ನಾಗಿ ಬರುತ್ತಿದೆ ಎಂದು ಮೆಚ್ಚಿಕೊಂಡರು.

ತಿರುಗಿ ಬಂದವನೇ ನಮ್ಮ ಶಾಲೆಯಲ್ಲಿ 'ಹಗುರ ಮನಸ್ಸು' ಎಂಬ ಕಾರ್ಯಕ್ರಮ ಸುರು ಮಾಡಿದೆ. ಪಾಠದ ಹೊತ್ತಿನಲ್ಲಿ ಮಾಡುವಂತಿಲ್ಲ, ಶಾಲೆ ಬಿಟ್ಟ ಮೇಲೆ ಬಸ್ಸು ಕಾಯುವುದಿಲ್ಲ. ಉಳಿದದ್ದು ಮಧ್ಯಾಹ್ನದ ಊಟದ ಬಿಡುವು. ಜಮಖಾನ ಹಾಸಿ ಎಲ್ಲರನ್ನೂ ಕೂಡಿಸಿ ಉಸಿರು ಎಳೆಸುತ್ತಿದ್ದೆ, ಬಿಡಿಸುತ್ತಿದ್ದೆ, ನಗಿಸುತ್ತಿದ್ದೆ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಒಂದೊಂದು ತ್ರಾಸು ಹೇಳಿಕೊಳ್ಳಬೇಕು. ಹೆಡ್ ಮಾಸ್ತರನ ಮುಂದೆ ಯಾರು ಖರೇ ತ್ರಾಸು ಹೇಳಿಯಾರು? ಗಣಿತದ ರಸೂಲ್ ಸರ್ ಪ್ರತಿ ಸಲವೂ ತಮ್ಮ ಮೋಟಾರ್ ಸೈಕಲ್ಲು ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎಂಬುದನ್ನೇ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಉಳಿದವರನ್ನು "ಆರಾಮ ಅದೀರಿ?" ಎಂದು ಕೇಳಿದರೆ "ಆರಾಮ್ರಿ" ಎನ್ನುತ್ತಿದ್ದರು. ನಮ್ಮ ಕಡೆ ಕಾಲು ಮುರಿದು ಮಂಚದ ಮೇಲಿದ್ದವರೂ ಈ ಪ್ರಶ್ನೆಗೆ ಇದೇ ಉತ್ತರ ಕೊಡುತ್ತಾರೆ. ನಾನು ಮಾತ್ರ ಅದನ್ನು ನಂಬಿ, ಎಲ್ಲರೂ ಆರಾಮ ಇದ್ದಾರೆ ಎಂದು ಮೇಲಕ್ಕೆ ವರದಿ ಕಳಿಸಿದೆ.

ಅದೇ ವಾರ ಮಹಾದೇವಿ ಟೀಚರ್ ವರ್ಗಾವಣೆಯ ಅರ್ಜಿ ತಂದು ನನ್ನ ಸಹಿಗೆ ಇಟ್ಟರು. ಜೇವರ್ಗಿ ಕಡೆಯ ಒಂದು ಶಾಲೆ ಕೇಳಿದ್ದರು. ಒಂದನೇ, ಎರಡನೇ ತರಗತಿಯ ಮಕ್ಕಳೆಲ್ಲ ಅವರ ಕೈಯಲ್ಲಿದ್ದರು. ಮನೆಯಲ್ಲಿ ಉರ್ದು ಮಾತಾಡುವ ಕೂಸುಗಳು ಜೂನ್ ತಿಂಗಳಲ್ಲಿ ಅಳುತ್ತ ಬಂದು, ದೀಪಾವಳಿಯ ಹೊತ್ತಿಗೆ ಕನ್ನಡದಲ್ಲಿ ಜಗಳ ಆಡುವಷ್ಟು ತಯಾರಾಗುತ್ತಿದ್ದವು. ಅವರು ಹೋದರೆ ಆ ಜಾಗಕ್ಕೆ ಬೇಗನೆ ಯಾರೂ ಬರುವುದಿಲ್ಲ. ಆ ಕೂಸುಗಳನ್ನು ನಾನೇ ನೋಡಿಕೊಳ್ಳಬೇಕು. ಒಮ್ಮೆ ಅವರ ರಜೆಯ ದಿನ ನೋಡಿಕೊಂಡಿದ್ದೆ. ಪಕ್ಕದವನು ತನ್ನ ಕಡೆ ನೋಡಿದ ಎಂದು ಒಬ್ಬ ಅತ್ತ, ನೋಡಲಿಲ್ಲ ಎಂದು ಇನ್ನೊಬ್ಬಳು ಅತ್ತಳು, ಸಂಜೆಗೆ ನನಗೂ ಅಳು ಬಂದಂತಾಗಿತ್ತು.

ಅರ್ಜಿಗೆ ಸಹಿ ಹಾಕಿ ಕಳಿಸಿದೆ. ಟೀಚರಿಗೆ ನನ್ನ ಆಸರೆ ಸಾಲುತ್ತಿಲ್ಲ ಎಂದುಕೊಂಡು ಕಾರ್ಯಕ್ರಮವನ್ನು ವಾರಕ್ಕೆರಡು ಸಲ ಇದ್ದದ್ದು ದಿನಾ ಮಾಡಿದೆ. ಆಗ ಅವರು ಉಪವಾಸ ಹಿಡಿದರು. ನಮ್ಮ ಕಡೆ ಊಟದ ಹೊತ್ತಿನಲ್ಲಿ ಹಸಿವಿಲ್ಲ ಎಂದರೆ ಯಾರೂ ಕೇಳುವುದಿಲ್ಲ, ಒಂದು ರೊಟ್ಟಿ ಕೈಗೆ ಬಂದೇ ಬರುತ್ತದೆ. ಒಬ್ಬರೇ ಕುಳಿತರಂತೂ ಏನಾಯಿತೋ ಎಂದು ನಾಲ್ಕು ಮಂದಿ ಹೋಗಿ ಸುತ್ತ ಕೂಡುತ್ತಾರೆ. ಉಪವಾಸ ಎಂದರೆ ಮಾತ್ರ ಎಲ್ಲರೂ ಸರಿದು ದಾರಿ ಬಿಡುತ್ತಾರೆ, ನಾನೂ ಜಮಖಾನಕ್ಕೆ ಕರೆಯುವುದು ಬಿಟ್ಟೆ. ಸೋಮವಾರ ಶಿವನದು, ಮಂಗಳವಾರ ದೇವಿಯದು, ಗುರುವಾರ ಗುರುವಿನದು, ಶುಕ್ರವಾರ ಲಕ್ಷ್ಮಿಯದು. ಬುಧವಾರ ಯಾವ ದೇವರಿಗೂ ಬೇಡವಾದ ವಾರ ಎಂದುಕೊಂಡಿದ್ದೆ, ಅಂದು ಏಕಾದಶಿ ಬಂತು. ರಂಜಾನ್ ಒಂದೇ ತಿಂಗಳಿಗೆ ಮುಗಿಯುತ್ತದೆ, ಟೀಚರದು ಮುಗಿಯುವ ಲಕ್ಷಣ ಇಲ್ಲವೆಂದು ರಸೂಲ್ ಸರ್ ಬೆರಗಾದರು. ನನ್ನ ಕಾರ್ಯಕ್ರಮದಿಂದ ಭಕ್ತಿ ಹೆಚ್ಚಿತೆಂದು ನಾನು ಮನೆಯಲ್ಲಿ ಹೇಳಿಕೊಂಡೆ. ನನ್ನ ಹೆಂಡತಿ, ಟೀಚರ್ ಮುಖವೇನಾದರೂ ಇಳಿದಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಪಲ್ಯ ಬಡಿಸಿದಳು.

ಒಂದು ಗುರುವಾರ ಇನ್ನೊಂದು ಜಮಖಾನ ಬೇಕಾಗಿ ಅಕ್ಕಿ ಇಡುವ ಕೋಣೆಯ ಬಾಗಿಲು ತೆರೆದೆ. ಚೀಲಗಳಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಮಹಾದೇವಿ ಟೀಚರ್ ಕುಳಿತಿದ್ದರು. ಕೈಯಲ್ಲಿ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದರು. ಆಳಂದದಲ್ಲಿ ತರಬೇತುದಾರರು ಇಡೀ ದಿನ ಹೆಣಗಿದರೂ ನಮಗೆ ಬಾರದ ಶಾಂತಿ ಆ ಮುಖದ ಮೇಲೆ ಇತ್ತು. ನಾನು ಸುಮ್ಮನೆ ಬಾಗಿಲು ಹಾಕಿಕೊಂಡು ಬರಬೇಕಿತ್ತು.

"ಟೀಚರ್ರೇ, ಇವತ್ತು ಉಪವಾಸ ಅಂದಿದ್ರಿ," ಎಂದೆ.

ಅವರು ಗಾಬರಿಯಾಗಲಿಲ್ಲ. ಬಾಯೊಳಗಿನ ತುತ್ತು ನುಂಗಿ, ನೀರು ಕುಡಿದು ಹೇಳಿದರು.

"ಹೌದ್ರಿ ಸರ. ದೇವ್ರ ಉಪವಾಸ ಅಲ್ರಿ. ನಿಮ್ಮ ಹೆಸರ್ಲೆ ಮಾಡಾಕತ್ತೇನಿ."

ಅವರ ಅತ್ತೆಗೆ ಲಕ್ವಾ ಹೊಡೆದು ಮಲಗಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರಿಂದ ಉಸಿರು ಎಳೆಸುತ್ತಿದ್ದೆ. ನಸುಕಿನಲ್ಲಿ ಎದ್ದು ಅತ್ತೆಗೆ ಮೈ ಒರೆಸಿ, ಉಣಿಸಿ ಬಸ್ಸು ಹಿಡಿಯುತ್ತಾರಂತೆ. ಇಲ್ಲಿ ಬಂದರೆ ಮಕ್ಕಳು, ಸಂಜೆ ಹೋದರೆ ಮತ್ತೆ ಅದೇ.

"ಮುಂಜಾನಿಂದ ಮಲಗೂತನಾ ಯಾರರ ಒಬ್ರು ನನ್ನ ಕರೀತಿರ್ತಾರ್ರಿ," ಎಂದರು. "ಈ ಅರ್ಧ ತಾಸಿನ್ಯಾಗ ಯಾರೂ ಕರೀಬಾರದ್ರಿ. ಆರಾಮ ಅದೀರಿ ಅಂತನೂ ಕೇಳಬಾರದ್ರಿ. ಅದನ್ನ ಕೇಳಿದ್ರ ನಂಗ ಅಳು ಬರ್ತದ."

ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. 'ಟೆ' ಎಂಬಲ್ಲಿಗೆ ಎಚ್ಚರವಾಗಿ ಬಾಯಿ ಮುಚ್ಚಿ, ಬಾಗಿಲನ್ನೂ ಮುಚ್ಚಿ ಬಂದೆ.

ಅಂದೇ 'ಹಗುರ ಮನಸ್ಸು' ನಿಲ್ಲಿಸಿದೆ. ಕಾಯಂ ನಿಲ್ಲಿಸಿದಿರೋ ಅಥವಾ ಬರೀ ಇವತ್ತಿಗೋ ಎಂದು ರಸೂಲ್ ಸರ್ ಕೇಳಿದರು. ಕಾಯಂ ಎಂದೆ. ಅವರು ಬಹಳ ಬೇಜಾರು ತೋರಿಸಿ, ಹೋಗುವಾಗ ಶಿಳ್ಳೆ ಹಾಕಿಕೊಂಡು ಹೋದರು. ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. ಮಹಾದೇವಿ ಟೀಚರ್ ಮೊಬೈಲಿನಲ್ಲಿ ತುಂಬಬೇಕಾದದ್ದನ್ನೆಲ್ಲ ನನ್ನ ಕಡೆ ತೆಗೆದುಕೊಂಡೆ, ಕೊನೆಯ ಗಂಟೆಗೆ ಅವರ ತರಗತಿಗೆ ನಾನೇ ಹೋಗತೊಡಗಿದೆ. ಪಾಠ ಏನು ಮಾಡಿದೆನೋ ಆ ಮಕ್ಕಳನ್ನೇ ಕೇಳಬೇಕು. ಟೀಚರ್ ಮಾತ್ರ ಒಂದು ಬಸ್ಸು ಮೊದಲೇ ಮನೆಗೆ ಹೋಗುವಂತಾಯಿತು. ವರ್ಗಾವಣೆಯ ವಿಷಯ ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ದಣಿವಿನ ಕೆಲಸ ಎಂದು ನನಗೆ ಆಗಲೇ ತಿಳಿದದ್ದು.

ಅರ್ಜಿ ಹಿಂದಕ್ಕೆ ಪಡೆಯುವ ಕೊನೆಯ ದಿನ ಟೀಚರ್ ಬಂದು, ವರ್ಗಾವಣೆ ಬೇಡವೆಂದು ಬರೆದದ್ದನ್ನು ನನ್ನ ಮುಂದೆ ಇಟ್ಟರು. ಓದಿ ಮುಗಿಸುವ ಮೊದಲೇ ಸಹಿ ಮಾಡಿದೆ. ಮುಂದಿನ ತರಬೇತಿಯಲ್ಲಿ ಎದ್ದು ನಿಂತು, ಒಬ್ಬ ಶಿಕ್ಷಕಿಯನ್ನು ನಾನು ಹೇಗೆ ಉಳಿಸಿಕೊಂಡೆ ಎಂದು ಹೇಳುವ ಭಾಷಣದ ಮೊದಲ ಸಾಲು ತಲೆಯಲ್ಲಿ ಆಗಲೇ ತಯಾರಾಗಿತ್ತು. ಎರಡನೆಯ ಸಾಲಿಗೆ ಅವರ ಬಾಯಿಂದಲೇ ಒಂದು ಮಾತು ಬಂದರೆ ಚೆಂದ ಎನಿಸಿ, ಮನಸ್ಸು ಬದಲಾಗಲು ಕಾರಣವೇನೆಂದು ಕೇಳಿಯೇಬಿಟ್ಟೆ.

"ಜೇವರ್ಗಿ ಕಡೀ ಆ ಸಾಲಿಗಿ ಫೋನ್ ಮಾಡಿ ವಿಚಾರಿಸಿದ್ನಿರಿ," ಎಂದರು ಟೀಚರ್. "ಅಲ್ಲಿ ಹೆಡ್ ಮಾಸ್ತರೂ ನಿಮ್ಮ ಕೂಡೇ ಆಳಂದಕ್ಕ ಹೋಗಿದ್ರಂತ. ನಿಮ್ದರ ಮುಗದದ್ರಿ ಸರ. ಅವ್ರು ಈಗ ಸುರು ಮಾಡ್ಯಾರಂತ."