ಮಾನ್‌ಸುವಿನ ಹಾಲಿನ ಮೀಟರು

ಜೊಂಜು ಊರಿನಲ್ಲಿ ಮನೆಮನೆಯ ನೀರಿನ ಮೀಟರು ನೋಡಿ ಬರೆದುಕೊಳ್ಳುವ ಮಾನ್‌ಸುವಿಗೆ, ಅಳೆಯಲಾಗದ ದ್ರವವೂ ಜಗತ್ತಿನಲ್ಲಿ ಒಂದಿದೆ ಎಂದು ಗೊತ್ತಾದದ್ದು ಮೂವತ್ನಾಲ್ಕನೇ ವಯಸ್ಸಿನಲ್ಲಿ. ಅದು ಅವನ ಹೆಂಡತಿ ಯೊನ್‌ಜುವಿನ ಎದೆಹಾಲು. ಮಗು ಬೋಮಿ ಎಷ್ಟು ಕುಡಿಯಿತು ಎಂದು ತೋರಿಸುವ ಮುಳ್ಳು ಎಲ್ಲಿಯೂ ಇರಲಿಲ್ಲ. ಸೃಷ್ಟಿಕರ್ತನ ಕಡೆಯಿಂದ ಆದ ಮಹಾ ಅಚಾತುರ್ಯ ಇದೆಂದು ಅವನು ನಂಬಿದ್ದ.

ಬಾಣಂತಿ ಆರೈಕೆ ಕೇಂದ್ರದಲ್ಲಿ ಎರಡು ವಾರ ಕಳೆದು ತಾಯಿ ಮಗು ಮನೆಗೆ ಬಂದ ದಿನವೇ ಅವನು ನೋಟ್‌ಬುಕ್ ಹಿಡಿದ. ಎಡಗಡೆ ಹನ್ನೆರಡು ನಿಮಿಷ, ಬಲಗಡೆ ಹನ್ನೆರಡು. ಒದ್ದೆ ಡೈಪರ್ ಎಂಟು. ತೇಗು ಮೂರು (ಒಂದು ಸಂಶಯಾಸ್ಪದ). ಹನ್ನೆರಡು ನಿಮಿಷ ತುಂಬಿದ ಕೂಡಲೇ "ಟೈಮ್ ಆಯ್ತು, ಬದಲಾಯಿಸು" ಎನ್ನುತ್ತಿದ್ದ.

ಮೂರು ದಿನ ಎಲ್ಲ ಸುಸೂತ್ರ. ಆಮೇಲೆ ಬೋಮಿ ಕುಡಿದು ಮುಗಿಸಿದ ಹತ್ತೇ ನಿಮಿಷಕ್ಕೆ ಮತ್ತೆ ರಾಗ ತೆಗೆಯತೊಡಗಿದಳು. ಒದ್ದೆ ಡೈಪರ್ ಐದಕ್ಕಿಳಿಯಿತು. ಯೊನ್‌ಜುವಿನ ಮುಖವೂ ಇಳಿಯಿತು. ಮಗುವಿಗೆ ತನ್ನ ಹಾಲನ್ನೇ ಕುಡಿಸಬೇಕೆಂಬುದು ಅವಳ ಒಂದೇ ಆಸೆ. ತೊಟ್ಟು ಬಿರಿದು ಉರಿದರೂ ಹಲ್ಲು ಕಚ್ಚಿಕೊಂಡು ಹಾಲೂಡಿಸಲು ಕಲಿತಿದ್ದಳು. ಈಗ ಕಪಾಟಿನಲ್ಲಿದ್ದ ಹಾಲಿನ ಪುಡಿಯ ಡಬ್ಬಿ ಕಂಡರೆ ಅವಳ ಕಣ್ಣು ತುಂಬುತ್ತಿತ್ತು.

"ನನ್ನ ಹಾಲು ಬತ್ತಿಹೋಗ್ತಿದೆಯೇನೋ ರೀ," ಅಂದಳು.

"ಹೆದರ್ಬೇಡ. ಎಲ್ಲೋ ಸೋರಿಕೆ ಇರ್ಬೇಕು, ಪತ್ತೆ ಮಾಡೋಣ." ಮಾನ್‌ಸು ಪೆನ್ನು ತೆಗೆದ. "ಕಾಫಿ ಕುಡಿದ್ಯಾ?"

"ಇಲ್ಲ."

"ಖಾರದ ಕಿಮ್ಚಿ ಉಪ್ಪಿನಕಾಯಿ?"

"ನೀರಲ್ಲಿ ತೊಳೆದು ತಿಂದೆ."

"ಎಷ್ಟು ಚೂರು?"

"ರೀ, ಹೆತ್ತ ದಿನದಿಂದ ಮೂರು ಹೊತ್ತೂ ಕಡಲಪಾಚಿ ಸಾರೇ ಕುಡೀತಿದೀನಿ. ಇನ್ನು ಮೀನಿನ ಹಾಗೆ ಮೈಮೇಲೆ ಹುರುಪೆ ಬರೋದೊಂದು ಬಾಕಿ. ಬೇರೇನು ಮಾಡ್ಲಿ ಹೇಳಿ."

ಆ ಸಾರು ಮಾನ್‌ಸುವಿಗೂ ಆಗದು (ಹಾಲಿಗೆ ಒಳ್ಳೆಯದೆಂದು ಬಾಣಂತಿಗೇ ಬಡಿಸುವ ಪದ್ಧತಿಯಿಂದಾಗಿ ಅವನು ಬಚಾವು). ಹೆಂಡತಿಯ ಬಾಯಿಗೆ ರುಚಿಯಾದದ್ದೇನಾದರೂ ಬೇಡವೇ ಎಂದು ಅವನು ಅವಳು ಮನೆಗೆ ಬಂದ ದಿನದಿಂದಲೂ ಮಾರುಕಟ್ಟೆಯಿಂದ ಶಿಖ್ಯೆ ತರುತ್ತಿದ್ದ. ಬಾರ್ಲಿ ಮೊಳಕೆಯ ನೀರಿನಲ್ಲಿ ಅನ್ನ ನೆನೆಸಿ ಮಾಡುವ ಸಿಹಿ ಪಾನಕ, ಅವನಿಗೆ ಪಂಚಪ್ರಾಣ. ಈಗಲೂ ದೊಡ್ಡ ಲೋಟ ತುಂಬಿಸಿ ಕೊಟ್ಟ.

"ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ," ಎಂದು ಯೊನ್‌ಜು ಗಟಗಟ ಕುಡಿದಳು.

ಹೆರಿಗೆಯಾಗಿ ಇಪ್ಪತ್ತೊಂದನೇ ದಿನ ಮಾನ್‌ಸುವಿನ ತಾಯಿ ಹಳ್ಳಿಯಿಂದ ಬಂದಳು, ತನ್ನ ಎತ್ತರದ್ದೇ ಒಣ ಕಡಲಪಾಚಿಯ ಕಟ್ಟು ಹೊತ್ತುಕೊಂಡು. ಮಾನ್‌ಸು ನೋಟ್‌ಬುಕ್ ಬಿಚ್ಚಿ ತನಿಖಾ ವರದಿ ಓದಿದ.

"ಇವಳು ಏನೋ ತಿನ್ನಬಾರದ್ದು ತಿಂದಿದಾಳಮ್ಮ. ಅದಂತೂ ಖಂಡಿತ," ಎಂದು ಮುಗಿಸಿದ.

ತಾಯಿ ಅಷ್ಟರಲ್ಲಿ ತಾನು ತಂದ ಒಣಮೀನು ಇಡಲು ಫ್ರಿಜ್ಜು ತೆಗೆದಿದ್ದಳು. ಒಳಗೆ ನಾಲ್ಕು ಬಾಟಲಿ ಶಿಖ್ಯೆ ಸಾಲಾಗಿ ನಿಂತಿದ್ದವು.

"ಇದನ್ನ ಯಾರು ತಂದದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟೂ ಬುದ್ಧಿ ಅವನಿಗಿರಲಿಲ್ಲ. ಎದೆಯುಬ್ಬಿಸಿ, "ನಾನೇ. ಅವಳಿಗೆ ದಿನಕ್ಕೆ ಮೂರು ಲೋಟ," ಅಂದ.

"ಲೋ ಮಹಾನುಭಾವ, ಮಗೂಗೆ ಹಾಲು ಬಿಡಿಸ್ಬೇಕಾದಾಗ ಇದನ್ನ ಕುಡಿಯೋದು. ಬಾರ್ಲಿ ಮೊಳಕೆ ಹಾಲು ಇಂಗಿಸುತ್ತೆ ಅಂತ ನಮ್ಮೂರಲ್ಲಿ ಮದುವೆಯಾಗದ ಹುಡುಗೀರ್ಗೂ ಗೊತ್ತು. ನಿನಗೆ ಮೂರು ವರ್ಷ ತುಂಬಿದ್ರೂ ಅಂಗಳದಿಂದ ಓಡಿಬಂದು ನನ್ನ ಹಾಲು ಕುಡಿದು ಹೋಗ್ತಿದ್ದೆ. ಅದನ್ನ ಬಿಡಿಸೋಕೆ ಒಂದು ಗಡಿಗೆ ಶಿಖ್ಯೆ ಮಾಡಿ ನಾನೂ ಕುಡಿದೆ, ಅಳಬೇಡ ಅಂತ ನಿನಗೂ ಕುಡಿಸ್ದೆ. ಆವತ್ತಿನಿಂದ ನಿನಗೆ ಅದರ ಹುಚ್ಚು."

ಯೊನ್‌ಜು ಅರ್ಧ ಕುಡಿದಿದ್ದ ಶಿಖ್ಯೆ ಲೋಟವನ್ನು ಗಂಡನ ಮುಂದೆ ತಂದಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾನ್‌ಸು ತನ್ನ ತಪ್ಪೇನಿಲ್ಲ ಅಂದಾರೆಂಬ ಕಡೆಯ ಆಸೆಯಿಂದ ಆರೋಗ್ಯ ಕೇಂದ್ರದ ನರ್ಸಿಗೆ ಫೋನು ಮಾಡಿದ. ಆಕೆ ಎಲ್ಲ ಕೇಳಿಸಿಕೊಂಡು, "ಪಾನಕ ನಿಲ್ಲಿಸಿ, ಅದಕ್ಕಿಂತ ಮೊದಲು ಗಡಿಯಾರ ನಿಲ್ಲಿಸಿ. ಟೈಮ್ ಆಯ್ತು ಅಂತ ಮಗೂನ ಬಿಡಿಸೋದು ಯಾರು ಹೇಳಿಕೊಟ್ರು ನಿಮಗೆ? ಕೇಳಿದಾಗೆಲ್ಲ ಕುಡಿಸಿ, ಸಾಕಾದಾಗ ಅದೇ ಬಿಡುತ್ತೆ. ದಿನಕ್ಕೆ ಆರು ಡೈಪರ್ ಒದ್ದೆಯಾದ್ರೆ ಚಿಂತೆ ಬೇಡ. ಎರಡು ದಿನ ನೋಡಿ, ಆಗ್ಲೂ ಕಮ್ಮಿ ಇದ್ರೆ ಕರ್ಕೊಂಡು ಬನ್ನಿ," ಅಂದಳು. ಸೋರಿಕೆ ಎರಡು ಕಡೆ ಇತ್ತು. ಎರಡಕ್ಕೂ ಅವನೇ ಕಾರಣ.

ಎರಡನೇ ದಿನ ಡೈಪರ್ ಏಳಾಯಿತು. ಸಂಜೆ ಬೋಮಿ ಹೊಟ್ಟೆ ತುಂಬ ಕುಡಿದು, ಬಾಯಂಚಿನಲ್ಲಿ ಹಾಲು ಇಳಿಸಿಕೊಂಡು ನಿದ್ದೆ ಹೋದಳು. ಯೊನ್‌ಜು ಅದನ್ನು ನೋಡುತ್ತ ನಕ್ಕಳು, ಕಣ್ಣೂ ಒರೆಸಿಕೊಂಡಳು. ಪುಡಿಯ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದಳು.

ಆ ರಾತ್ರಿ ಊಟಕ್ಕೆ ಕೂತರೆ ಮಾನ್‌ಸುವಿನ ಮುಂದೆ ಕಡಲಪಾಚಿ ಸಾರಿನ ದೊಡ್ಡ ಬಟ್ಟಲು.

"ನನಗ್ಯಾಕೆ? ನಾನೇನು ಹೆತ್ತಿದೀನಾ?"

"ತಿನ್ನಬಾರದ್ದು ತಿನ್ನಿಸಿದೋರಿಗೂ ಪಥ್ಯ ಉಂಟು," ಅಂದಳು ತಾಯಿ.

ಮಾಡಿದ್ದುಣ್ಣೋ ಮಹರಾಯ ಎಂದು ಮೂಗು ಮುಚ್ಚಿಕೊಂಡು ಕುಡಿದು ಮುಗಿಸಿದ. ಎದುರಿಗೆ ಯೊನ್‌ಜು ಅವನ ನೋಟ್‌ಬುಕ್ ಬಿಚ್ಚಿ, ಗಟ್ಟಿಯಾಗಿ ಹೇಳುತ್ತ ಬರೆದಳು: "ಬೋಮಿ ಅಪ್ಪ. ಒಂದು ಬಟ್ಟಲು, ಹನ್ನೆರಡು ನಿಮಿಷ. ತೇಗು ಬಂದಿಲ್ಲ."

"ಹಾಗಾದ್ರೆ ಹೊಟ್ಟೆ ತುಂಬಿಲ್ಲ. ಇನ್ನೊಂದು ಬಟ್ಟಲು ಹಾಕಮ್ಮ," ಎಂದು ತಾಯಿ ಅವನ ಬೆನ್ನು ಮೆಲ್ಲಗೆ ತಟ್ಟತೊಡಗಿದಳು.