ಅಂಕಲ್ ಅವರ ಸ್ನೇಹಿತನ ಸಕ್ಕರೆ

ಮೆಲ್ಬರ್ನ್‌ನ ಡ್ಯಾಂಡಿನಾಂಗಿನ ಔಷಧದಂಗಡಿಯೊಂದರಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡದ್ದಿದು: ನಮ್ಮ ಗಂಡಸರಿಗೆ ತಲೆನೋವು, ಮಂಡಿನೋವು ಸ್ವಂತಕ್ಕೇ ಬರುತ್ತವೆ; ಒಂದು ತೊಂದರೆ ಮಾತ್ರ ಯಾವಾಗಲೂ ಅವರ ಸ್ನೇಹಿತರಿಗೆ ಬರುತ್ತದೆ.

೧. ರಕ್ತದಾನ

ಮಂಗಳೂರು ಕಡೆಯ ಅಂಕಲ್ ಒಬ್ಬರು, ಪರಿಚಯದವರ ಕಣ್ಣಿಗೆ ಬೀಳಬಾರದೆಂದು, ತಮ್ಮ ಗ್ಲೆನ್ ವೇವರ್ಲಿ ಬಡಾವಣೆಯಿಂದ ನಮ್ಮ ಅಂಗಡಿಯವರೆಗೆ ಬಂದಿದ್ದರು. ಕೌಂಟರಿನ ಹಿಂದೆ ಕನ್ನಡದವಳನ್ನು ಕಂಡು ಅವರ ಮುಖ ಬಾಡಿತು.

"ನನಗಲ್ಲ ಮಾರಾಯ್ರೇ, ನನ್ನ ಫ್ರೆಂಡಿಗೆ. ಗಂಡಸುತನದ್ದು ಸ್ವಲ್ಪ ತೊಂದರೆ ಉಂಟು. ಹೆಂಡತಿಗೆ ಹೇಳ್ಲಿಕ್ಕೆ ನಾಚಿಕೆ. ಗೊರಕೆಯ ನೆಪ ಹೇಳಿ ಬೇರೆ ರೂಮಿಗೆ ಹೋಗಿದ್ದಾನೆ. ಅವಳು ಮಾತೇ ಬಿಟ್ಟಿದ್ದಾಳೆ."

"ಸ್ನೇಹಿತರಿಗೆ ಬಾಯಾರಿಕೆ ಹೆಚ್ಚೇ?" ಎಂದೆ. ಅಷ್ಟರಲ್ಲಿ ಅಂಕಲ್ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಖಾಲಿ ಮಾಡಿದ್ದರು.

ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ನರಗಳಿಗೂ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ, ಅದರ ಮೊದಲ ಸುಳಿವು ಕೆಲವರಿಗೆ ಅಲ್ಲಿಯೇ ಸಿಗುತ್ತದೆ ಎಂದು ವಿವರಿಸಿದೆ. "ಅವರ ರಕ್ತವನ್ನೊಮ್ಮೆ ಪರೀಕ್ಷಿಸಬೇಕಲ್ಲ?"

ಅಂಕಲ್ ತುಸು ಯೋಚಿಸಿ ತಮ್ಮ ಬೆರಳನ್ನೇ ಚಾಚಿದರು.

"ನಂದೇ ನೋಡಿ. ನಮ್ಮಿಬ್ಬರದ್ದು ಒಂದೇ ಬ್ಲಡ್ ಗ್ರೂಪ್."

೨. ಲೇಹ್ಯ

ಸಕ್ಕರೆ ವಿಪರೀತವಿತ್ತು. ಅಂದೇ ಡಾಕ್ಟರ ಬಳಿಗೆ ಕಳಿಸಿದೆ. ಡಯಾಬಿಟಿಸ್ ಖಚಿತವಾಯಿತು, ಮಾತ್ರೆ ಶುರುವಾಯಿತು. ಸಕ್ಕರೆ ಮಾತ್ರ ಇಳಿಯಲೊಲ್ಲದು. ವಿಚಾರಿಸಿದಾಗ, ಊರಿನಿಂದ ತರಿಸಿದ ಲೇಹ್ಯದ ಡಬ್ಬಿ ಹೊರಬಂತು.

"ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಒಬ್ಬರು ಇದನ್ನು ತಿಂದು ಎಪ್ಪತ್ತರಲ್ಲಿ ಅಪ್ಪ ಆದ್ರಂತೆ!"

ಡಬ್ಬಿಯ ಮೇಲೆ ಓದಿದೆ: ಬೆಲ್ಲ, ಜೇನುತುಪ್ಪ, ದ್ರಾಕ್ಷಿ, ಬೇರುನಾರು ಕೊನೆಯಲ್ಲಿ. ಇಂಥ ಕಥೆಗಳನ್ನು ವಿಚಾರಿಸದೆ ನಂಬುವುದು ನನ್ನಿಂದಾಗದು. ಮುಂದಿನ ತಿಂಗಳು ಮದುವೆಗೆಂದು ಸಿಡ್ನಿಗೆ ಹೋದಾಗ, ಬ್ಲ್ಯಾಕ್‌ಟೌನಿನಲ್ಲಿ ಆ ಪುಣ್ಯಾತ್ಮರನ್ನು ಹುಡುಕಿದೆ.

"ಇಲ್ಲಿ ಅಂಥವರು ಯಾರೂ ಇಲ್ಲ ಆಂಟಿ," ಎಂದಳು ಮದುವೆಮನೆಯ ಹುಡುಗಿಯೊಬ್ಬಳು. "ಆ ಅಂಕಲ್ ಇರೋದು ನಿಮ್ಮ ಮೆಲ್ಬರ್ನ್‌ನಲ್ಲೇ. ಗ್ಲೆನ್ ವೇವರ್ಲಿ ಅಂತೆ!"

೩. ಗೆಳತಿ

ನಾನು ಬಂದು ಇದನ್ನು ಹೇಳಿದ ದಿನವೇ ಅಂಕಲ್ ಲೇಹ್ಯವನ್ನು ಎಸೆದರು. ನಡಿಗೆ ಹಿಡಿದರು. ಅನ್ನ ಅರ್ಧವಾಯಿತು.

"ನಿಮ್ಮ ಸ್ನೇಹಿತರು ಹೆಂಡತಿಗೂ ನಿಜ ಹೇಳಲಿ," ಎಂದೆ. "ತಾನೇ ಬೇಡವಾದೆನೆಂದು ಆಕೆ ಕೊರಗುತ್ತಿರಬಹುದು."

"ಅದು ನಮಗೆ ಹೊಳೀಲೇ ಇಲ್ಲ," ಎಂದರು ಅಂಕಲ್.

ಕ್ರಿಸ್ಮಸ್ ಹೊತ್ತಿಗೆ ದಂಪತಿ ಜೊತೆಯಾಗಿ ಬಂದರು. ಸುಳ್ಳನ್ನು ನಾನು ಸುಲಭವಾಗಿ ಕ್ಷಮಿಸುವವಳಲ್ಲ. ಆದರೂ ಆ ಇಲ್ಲದ ಸ್ನೇಹಿತನಿಗೆ ಇಂದಿಗೂ ಕೃತಜ್ಞಳು. ಅವನ ನೆರಳಿಲ್ಲದಿದ್ದರೆ ಅಂಕಲ್ ನಮ್ಮ ಬಾಗಿಲು ದಾಟುತ್ತಿರಲಿಲ್ಲ.

ಆಂಟಿ ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆಯನ್ನು ನನ್ನ ಕೈಗಿಟ್ಟು, ಗಂಡನತ್ತ ನೋಡದೆ ಹೇಳಿದರು: "ಇದು ನನ್ನ ಫ್ರೆಂಡ್ ಒಬ್ಬಳು ಕಳಿಸಿದ್ದು. ಅವಳ ಗಂಡ ಪುನಃ ಅವಳ ರೂಮಿಗೆ ಬಂದಿದ್ದಾರಂತೆ."

"ಗೊರಕೆ ನಿಂತಿತೇ?" ಎಂದೆ.

"ಇಲ್ಲವಂತೆ. ಆದ್ರೆ ಈಗ ಅವಳದ್ದೂ ಶುರುವಾಗಿದೆಯಂತೆ."