ಮಾರ್ಜಿನ್ ಬಿಡದ ಪ್ಯಾಂಟು

ನಾನು ಓದು ನಿಲ್ಲಿಸಿದ್ದು 1993ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಲೆಕ್ಕದ ಮೇಷ್ಟ್ರು "ತಾಳ್ಮೆಯಿಂದ ಮಾಡೋ" ಅಂದರು. ಅದು ನನ್ನ ಹತ್ತಿರ ಇರಲಿಲ್ಲ, ಎದ್ದು ಬಂದೆ. ಮರುದಿನವೇ ರಾಯದುರ್ಗದ ಒಂದು ಜೀನ್ಸ್ ಅಂಗಡಿಯಲ್ಲಿ ಗುಂಡಿ ಹಾಕಲು ಕೂತೆ. ಇವತ್ತು ನಾನೇ ಕಟಿಂಗ್ ಮಾಸ್ಟರು, ಅಂಗಡಿಯೂ ನನ್ನದೇ. ರಸ್ತೆಯಲ್ಲಿ ಹೋಗುವವನ ಸೊಂಟ ಎಷ್ಟು ಇಂಚು ಅಂತ ಕೂತಲ್ಲಿಂದಲೇ ಹೇಳಬಲ್ಲೆ. ನನ್ನ ಸೊಂಟ ಒಂದೇ ನನಗೆ ಕಾಣುತ್ತಿರಲಿಲ್ಲ. ನಡುವೆ ಹೊಟ್ಟೆ ಅಡ್ಡ ಇತ್ತು!

ಅದು ಕಂಡದ್ದು ಡಾಕ್ಟರಿಗೆ. "ಮಾಸ್ಟ್ರೇ, ಎಂಟು ಕೆಜಿ ಇಳೀಬೇಕು. ಅವಸರ ಬ್ಯಾಡ್ರಿ. ಮುದ್ದಿ ಅರ್ಧ ಮಾಡ್ರಿ, ದಿನಾ ನಡೀರಿ. ಆರು ತಿಂಗಳು ತಾಳ್ಮೆ ಇರಲಿ."

ಆರು ತಿಂಗಳು! ದಿನಕ್ಕೆ ನೂರು ಪ್ಯಾಂಟು ಕತ್ತರಿಸುವ ಕೈ ಇದು! ಅದೂ ಅಲ್ಲದೆ ಇಪ್ಪತ್ತು ದಿನ ಕಳೆದರೆ ನಾನು ಮಡಕಶಿರಾಕ್ಕೆ ಹೋಗಬೇಕಿತ್ತು. ಅಲ್ಲಿನ ಒಂದು ಶಾಲೆಯವರು ಮುನ್ನೂರು ಮಕ್ಕಳ ಯೂನಿಫಾರ್ಮ್ ಆರ್ಡರು ಕೊಡುವ ಮಾತಾಡಿದ್ದರು. ಶಾಲೆ ಬಿಟ್ಟು ಓಡಿದವನು ಶಾಲೆಗೆ ಬಟ್ಟೆ ತೊಡಿಸುವುದೆಂದರೆ ಸಣ್ಣ ಮಾತೇ? ಆ ಆರ್ಡರು ನನಗೆ ಬೇಕೇ ಬೇಕಿತ್ತು. ಅಂಥ ದಿನ ಈ ಹೊಟ್ಟೆ ಮುಂದಿಟ್ಟುಕೊಂಡು ನಿಲ್ಲುವುದು ಹೇಗೆ?

ಉಪಾಯ ಹೊಳೆಯಿತು. ಮೊದಲು ಪ್ಯಾಂಟು ಇಳಿಸೋಣ, ಮೈ ಹೆದರಿ ತಾನೇ ಇಳಿಯುತ್ತದೆ! ನನ್ನ ನಾಲ್ಕೂ ಪ್ಯಾಂಟು ಟೇಬಲ್ ಮೇಲೆ ಹರಡಿ, ನಲವತ್ತರ ಸೊಂಟವನ್ನು ಮೂವತ್ತಾರಕ್ಕೆ ಹಿಡಿದು ಹೊಲಿದೆ. ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ ಉಳಿಯುತ್ತದಲ್ಲ, ಅದಕ್ಕೆ ನಾವು ಮಾರ್ಜಿನ್ ಅನ್ನುತ್ತೇವೆ. ನಾಳೆ ಮೈ ಬಂದರೆ ಬಿಚ್ಚಿ ಸಡಿಲ ಮಾಡಲಿಕ್ಕೆ. ಅದಕ್ಕೂ ಕತ್ತರಿ ಎತ್ತಿದೆ.

ನನ್ನ ಹೆಂಡತಿ ತಿಪ್ಪಮ್ಮ ಓಡಿ ಬಂದು ಕೈ ಹಿಡಿದಳು. "ಮಾರ್ಜಿನ್ ಆದ್ರೂ ಬಿಡ್ರಿ! ಮಂದಿಗೆಲ್ಲ ಒಂದೂವರೆ ಇಂಚು ಬಿಡ್ತೀರಿ, ನಿಮಗ ಯಾಕ ಬ್ಯಾಡ?"

"ಅವರು ದಪ್ಪ ಆಗೋರು. ನಾನು ತೆಳ್ಳಗಾಗೋನು."

ಕಚಕ್!

ಮೊದಲ ದಿನ ಮುದ್ದೆ ಬಿಟ್ಟೆ. ಮಧ್ಯಾಹ್ನ ಪಕ್ಕದ ಶೇಂಗಾ ಮಂಡಿಯಲ್ಲಿ ಚೀಲ ತೂಗುವ ಕಾಟಾ ಹತ್ತಿದೆ. ಇಳಿದಿಲ್ಲ. ಗಂಟೆ ಬಿಟ್ಟು ಹತ್ತಿದೆ. ಇಳಿದಿಲ್ಲ. ಗಡ್ಡ ಬೋಳಿಸಿಕೊಂಡು ಹತ್ತಿದೆ. ಉಗುರು ತೆಗೆದು ಹತ್ತಿದೆ. ಮಂಡಿ ಸಾಹುಕಾರ ಕೇಳಿಯೇಬಿಟ್ಟ: "ಮಾಸ್ಟ್ರೇ, ನಿಮ್ಮನ್ನ ಮಾರೋದು ಏನಾದ್ರೂ ಐತೇನು? ಇವತ್ತಿನ ರೇಟು ಹೇಳ್ಲಾ?"

ಮರುದಿನ ಇನ್ನೊಂದು ವಿಚಾರ ಬಂತು. ತೊಳೆದರೆ ಜೀನ್ಸೇ ಕುಗ್ಗುತ್ತದೆ, ಮೈ ಯಾಕೆ ಕುಗ್ಗಬಾರದು? ಇಸ್ತ್ರಿ ಕೋಣೆಯ ಸ್ಟೀಮ್ ಬಾಯ್ಲರ್ ಪಕ್ಕ, ಜೀನ್ಸ್ ಬಟ್ಟೆ ಎರಡು ಸುತ್ತು ಸುತ್ತಿಕೊಂಡು ಕೂತೆ. ಒಂದು ಕೆಜಿ ಇಳಿಯಿತು! ಆ ಸಂಭ್ರಮಕ್ಕೆ ಮೂರು ಪ್ಲೇಟು ಮಂಡಕ್ಕಿ ವಗ್ಗಾಣಿ, ಆರು ಮಿರ್ಚಿ, ಎರಡು ಚೊಂಬು ಮಜ್ಜಿಗೆ. ಸಂಜೆ ಎರಡು ಕೆಜಿ ಏರಿತು. ಕಾಟಾ ಕೆಟ್ಟಿದೆ ಅಂದೆ. ಹೀಗೆ ಒಂದು ಇಳಿಸಿ ಎರಡು ಏರಿಸುತ್ತ ಇಪ್ಪತ್ತು ದಿನ ಮುಗಿದವು.

ಹೊರಡುವ ಬೆಳಿಗ್ಗೆ ಪ್ಯಾಂಟು ತೊಡೆ ದಾಟಲಿಲ್ಲ.

"ಪಂಚೆ ಉಟ್ಟು ಹೋಗ್ರಿ" ಅಂದಳು ತಿಪ್ಪಮ್ಮ.

"ಪ್ಯಾಂಟ್ ಮಾಸ್ಟರು ಪಂಚೆಯಾಗ ಹೋಗಬೇಕಾ?"

ಕಟಿಂಗ್ ಟೇಬಲ್ ಮೇಲೆ ಅಂಗಾತ ಮಲಗಿದೆ. ಅವಳು ಎಳೆದಳು.

"ಉಸಿರು ಒಳಗ ತಗೋರಿ."

"ತಗಂಡೀನಿ."

"ಇನ್ನೂ ತಗೋರಿ."

"ಇನ್ನ ತಗಂಡ್ರ ಸಾಯ್ತೀನಿ!"

"ಗುಂಡಿ ಹಾಕಿದ ಮ್ಯಾಲ ಸಾಯ್ರಿ!"

ಗುಂಡಿ ಬಿತ್ತು. ನಿಲ್ಲಬಹುದು, ಮೆಲ್ಲಗೆ ನಡೆಯಬಹುದು. ಕೂರುವ ಹಾಗಿಲ್ಲ!

ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ನಾನು ಕಂಬಿ ಹಿಡಿದು ನಿಂತೆ. ಕಂಡಕ್ಟರ್ ತೆಲುಗಿನಲ್ಲಿ, "ಕೂಚೋ ಪೆದ್ದಾಯನಾ, ಸೀಟ್ಲು ಉಂಡಾಯಿ ಕದಾ" ಅಂದ, ಸೀಟು ಇವೆಯಲ್ಲ ಕೂತ್ಕೋ ಅಂತ. ಏನು ಹೇಳಲಿ? "ಮೊಕ್ಕು" ಅಂದೆ. ಹರಕೆ! ಅಲ್ಲಿಗೆ ಕೆಟ್ಟಿತು. ಹಿಂದಿನ ಸೀಟಿನ ಅಜ್ಜಿ ಎದ್ದು ಬಂದು, "ನಿಂತೇ ಹೊಂಟೀಯಾ ಸ್ವಾಮಿ?" ಅಂತ ನನ್ನ ಕಾಲಿಗೆ ಬಿದ್ದಳು. ಎತ್ತೋಣವೆಂದರೆ ಬಗ್ಗುವ ಹಾಗಿಲ್ಲ. ನಿಂತಲ್ಲೇ ಕೈ ಎತ್ತಿ ಆಶೀರ್ವಾದ ಮಾಡಿದೆ. ಕಲ್ಯಾಣದುರ್ಗ ದಾಟುವಷ್ಟರಲ್ಲಿ ನನ್ನ ಕೈಯಲ್ಲಿ ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿ!

ಶಾಲೆಯ ಮೇಡಂ ಕುರ್ಚಿ ತೋರಿಸಿದರು. "ಕೂತ್ಕಳಿ ಮಾಸ್ಟ್ರೇ."

"ಬ್ಯಾಡ್ರಿ. ಸರಸ್ವತಿ ಇರೋ ಜಾಗದಾಗ ನಾನು ಕೂರಲ್ರಿ."

ಮೇಡಂ ಕರಗಿಹೋದರು. "ಎಂಥಾ ಭಕ್ತಿ! ಸರಿ, ನಮ್ ಹುಡುಗ್ರು ಬೆಳೀತಾ ಇರ್ತಾವೆ. ಮಾರ್ಜಿನ್ ಬಿಡ್ತೀರಾ?"

"ಒಂದೂವರೆ ಇಂಚು ಬಿಡ್ತೀನ್ರಿ. ಮಾರ್ಜಿನ್ ಬಿಡದವನು ಟೈಲರೇ ಅಲ್ರಿ!"

ಆರ್ಡರು ಬರೆಯಲು ಪೆನ್ನು ಎತ್ತಿದರು. ಪೆನ್ನು ಜಾರಿ ನನ್ನ ಕಾಲ ಬಳಿ ಬಿತ್ತು. ಗಿರಾಕಿಗಳ ಮುಂದೆ ಮೂವತ್ತು ವರ್ಷ ರೂಢಿಯಾದ ವಿನಯ ಕೆಟ್ಟದ್ದು. ನಾನು ಬಗ್ಗಿದೆ!

ಹಿಂದೆ 'ಪರ್' ಅಂತು. ಮುಂದೆ ಹಿತ್ತಾಳೆ ಗುಂಡಿ ಬಂದೂಕಿನಂತೆ ಹಾರಿ, ಬಾಗಿಲು ದಾಟಿ, ಜಗಲಿಯಲ್ಲಿ ತೂಗುಹಾಕಿದ್ದ ಶಾಲೆಯ ಗಂಟೆಗೆ ಬಡಿಯಿತು. ಠಣ್! ಇಂಟರ್‌ವಲ್ ಅಂದುಕೊಂಡು ಮುನ್ನೂರು ಮಕ್ಕಳೂ 'ಹೋ' ಎಂದು ಹೊರಗೆ ಬಂದರು. ಯೂನಿಫಾರ್ಮ್ ಮಾಸ್ಟರನ್ನು ಹಿಂದಿನಿಂದ ನೋಡಿದರು.

ಜವಾನ ಓಡಿಹೋಗಿ ಒಂದು ಕಿಟಕಿಯ ಹಸಿರು ಪರದೆ ಕಿತ್ತು ತಂದು ನನಗೆ ಸುತ್ತಿದ. ಅದು ಏಳನೇ ಕ್ಲಾಸಿನ ಕಿಟಕಿಯದಂತೆ.

ಮೇಡಂ ಹರಿದದ್ದನ್ನು ದೂರದಿಂದಲೇ ಪರೀಕ್ಷಿಸಿದರು. "ಹೊಲಿಗೆ ಬಿಟ್ಟಿಲ್ಲ, ಬಟ್ಟೆನೇ ಹರಿದೈತೆ. ಕೆಲಸ ಗಟ್ಟಿ. ಆದ್ರೆ ನಿಮ್ಮದ್ರಲ್ಲೇ ಮಾರ್ಜಿನ್ ಇಲ್ವಲ್ಲ ಮಾಸ್ಟ್ರೇ! ಪ್ಯಾಂಟು ಬ್ಯಾರೆಯೋರಿಗೆ ಕೊಡ್ತೀನಿ. ನೀವು ಟೈ ಹೊಲೀರಿ. ಅದಕ್ಕೆ ಮಾರ್ಜಿನ್ ಬೇಕಿಲ್ಲ."

ವಾಪಸ್ ಬರುವಾಗ ಅದೇ ಬಸ್ಸು. ಪರದೆ ಸುತ್ತಿಕೊಂಡು ಸೀಟಿನಲ್ಲಿ ಕಾಲು ಚಾಚಿ ಕೂತೆ. ಕಂಡಕ್ಟರ್ ಕೈ ಮುಗಿದ. "ಮೊಕ್ಕು ತೀರಿಂದಾ ಸ್ವಾಮಿ?"

"ತೀರಿಂದಿ" ಅಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಹೊಲಿಗೆ ಮಷೀನು ಆರು. ಹೆಂಡತಿ ಒಬ್ಬಳು, ಇನ್ನೂ ನಗುತ್ತಿದ್ದಾಳೆ. ಹೊಲಿಯಬೇಕಾದ ಟೈ ಮುನ್ನೂರು. ಹಸಿರು ಪರದೆ ಒಂದು. ಇಳಿಸಬೇಕಾದ ಕೆಜಿ, ಆಗ ಎಂಟು, ಈಗ ಹತ್ತು. ಪ್ಯಾಂಟು ನಾಲ್ಕು. ಹಾಕಿಕೊಳ್ಳಲು ಬರುವುದು, ಒಂದೂ ಇಲ್ಲ.